ಕ್ರೂಸ್ ಹತ್ತಲು ಯಾವ ಊರು? ಕರಾವಳಿಯ ಕುಟುಂಬಕ್ಕೆ ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ಹೋಲಿಕೆ

ಪಣಂಬೂರಿನಲ್ಲೇ ಇಷ್ಟು ದೊಡ್ಡ ಬಂದರು ಇರುವಾಗ ಕ್ರೂಸ್ ಹತ್ತಲು ಬೇರೆ ಊರಿಗೆ ಯಾಕೆ ಹೋಗಬೇಕು? ಮಂಗಳೂರು, ಉಡುಪಿ ಕಡೆಯವರು ಮೊದಲು ಕೇಳುವ ಪ್ರಶ್ನೆ ಇದೇ. ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರುವುದು ನಿಜ. ಮಳೆಗಾಲ ಮುಗಿದ ಮೇಲೆ ಬರುವ ಆ ಹಡಗುಗಳು ಬೆಳಿಗ್ಗೆ ಕಟ್ಟೆಗೆ ತಾಗಿ, ಪ್ರವಾಸಿಗರಿಗೆ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ತೋರಿಸಿ ಸಂಜೆಗೆ ಹೊರಡುತ್ತವೆ. ಅದರಲ್ಲಿರುವವರು ಬೇರೆಲ್ಲೋ ಹತ್ತಿದವರು, ಬೇರೆಲ್ಲೋ ಇಳಿಯುವವರು. ಒಂದು ಊರಿನಿಂದಲೇ ಯಾನ ಶುರುವಾಗಬೇಕಾದರೆ ಸಾವಿರಾರು ಜನರ ಲಗೇಜು ತಪಾಸಣೆ ಮಾಡಿ ಕ್ಯಾಬಿನ್‌ಗೆ ಮುಟ್ಟಿಸುವ ಏರ್ಪಾಡು, ಹಡಗಿಗೆ ದಿನಸಿ ತುಂಬಿಸುವ ಏರ್ಪಾಡು, ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಸಲ ಹಡಗು ತುಂಬುವಷ್ಟು ಜನ ಬೇಕು. ಹಾಗಾಗಿ ನಮ್ಮ ಕಣ್ಣೆದುರಿಗೇ ಹಡಗು ಬಂದು ಹೋದರೂ ನಾವು ಮಾತ್ರ ರೈಲು ಹತ್ತಲೇಬೇಕು.

ಬಂದರು ಆರಿಸುವಾಗ ಬಹಳ ಮಂದಿ ಕ್ಯಾಬಿನ್ ದರ ಒಂದನ್ನೇ ನೋಡುತ್ತಾರೆ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಅದು ಸರಿ. ಎರಡು ವರ್ಷದ ಮಗು, ಶಾಲೆಗೆ ಹೋಗುವ ಮಗಳು, ಮಂಡಿನೋವಿನ ಅಜ್ಜಿ, ಬಿಪಿ ಮಾತ್ರೆಯ ಅಜ್ಜ ಎಲ್ಲರೂ ಇದ್ದಾಗ ಲೆಕ್ಕವೇ ಬೇರೆ. ರೈಲು ನಿಲ್ದಾಣದಿಂದ ಬಂದರಿನ ಗೇಟಿನವರೆಗಿನ ಆ ಕೊನೆಯ ಹತ್ತಿಪ್ಪತ್ತು ಕಿಲೋಮೀಟರ್ ಹೇಗಿದೆ, ಹಿಂದಿನ ರಾತ್ರಿ ಎಲ್ಲಿ ಉಳಿಯುವುದು, ಹಡಗಿಳಿದ ದಿನವೇ ಊರಿಗೆ ರೈಲು ಸಿಗುತ್ತದೆಯೇ ಎಂಬ ಮೂರು ವಿಷಯಗಳೇ ಪ್ರವಾಸದ ಸುಖ ದುಃಖ ತೀರ್ಮಾನಿಸುತ್ತವೆ. ನಾಲ್ಕೂ ಊರುಗಳನ್ನು ಈ ಕಣ್ಣಿನಿಂದ ನೋಡಿದರೆ ನಮ್ಮ ಮತ ಸ್ಪಷ್ಟ: ಮಕ್ಕಳು, ಹಿರಿಯರ ಜೊತೆ ಮೊದಲ ಬಾರಿ ಹೋಗುವವರಿಗೆ ಕೊಚ್ಚಿ ಒಳ್ಳೆಯದು. ಬೇಕಾದ ತಾರೀಕು, ಬೇಕಾದ ಮಾರ್ಗ ಆರಿಸಿಕೊಳ್ಳಲು ಮುಂಬೈ. ಗೋವಾವನ್ನು ಒಂದು ವಿಶೇಷ ರೀತಿಯಲ್ಲಿ ಬಳಸಿಕೊಳ್ಳಬೇಕು, ಅದನ್ನು ಮುಂದೆ ಹೇಳುತ್ತೇವೆ. ಚೆನ್ನೈ ಕೊನೆಯದು.

ಮುಂಬೈ

ದೇಶದೊಳಗಿನ ಕ್ರೂಸ್‌ಗಳಲ್ಲಿ ಮುಂಬೈಯಿಂದ ಹೊರಡುವವೇ ಹೆಚ್ಚು. ಕಾರ್ಡೇಲಿಯಾ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಯಾನ ಶುರು ಮಾಡಿದ್ದೂ ಇಲ್ಲಿಂದಲೇ. ಗೋವಾಕ್ಕೆ ಹೋಗಿ ಬರುವುದು, ಲಕ್ಷದ್ವೀಪಕ್ಕೆ ಹೋಗಿ ಬರುವುದು, ಕೊಚ್ಚಿಯಲ್ಲಿ ಇಳಿಯುವುದು ಹೀಗೆ ಆಯ್ಕೆಗಳಿವೆ. ಬಲ್ಲಾರ್ಡ್ ಪಿಯರ್‌ನಲ್ಲಿ ಕಟ್ಟಿದ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು.

ಮುಂಬೈಯ ತೊಡಕು ಟರ್ಮಿನಲ್‌ನಲ್ಲಿ ಇಲ್ಲ, ಅಲ್ಲಿಗೆ ಮುಟ್ಟುವುದರಲ್ಲಿದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಟು ಉಡುಪಿ, ಕುಂದಾಪುರ ದಾಟಿ ಮರುದಿನ ಬೆಳಗಿನ ಜಾವ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ. ಅಲ್ಲಿಂದ ಬಂದರಿರುವ ಬಲ್ಲಾರ್ಡ್ ಎಸ್ಟೇಟ್‌ಗೆ ಸುಮಾರು 17 ಕಿಲೋಮೀಟರ್. ಬೆಳಿಗ್ಗೆ ಏಳರೊಳಗೆ ಟ್ಯಾಕ್ಸಿ ಹಿಡಿದರೆ ಬೇಗ ಮುಟ್ಟುತ್ತೀರಿ, ಒಂಬತ್ತರ ನಂತರ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮಂಗಳೂರು ಜಂಕ್ಷನ್‌ನಿಂದ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಹೋಗುವ ಎಕ್ಸ್‌ಪ್ರೆಸ್ ಕಾಗದದ ಮೇಲೆ ಇನ್ನೂ ಒಳ್ಳೆಯದು, ಏಕೆಂದರೆ ಸಿಎಸ್‌ಎಂಟಿಯಿಂದ ಬಂದರು ತೀರಾ ಹತ್ತಿರ. ಆದರೆ ಸಿಎಸ್‌ಎಂಟಿಯ ಪ್ಲಾಟ್‌ಫಾರ್ಮ್ ಕಾಮಗಾರಿಯ ಕಾರಣಕ್ಕೆ ಆ ರೈಲನ್ನು ಥಾಣೆಯಲ್ಲೇ ನಿಲ್ಲಿಸಿದ ಕಾಲವೂ ಇತ್ತು. ಟಿಕೆಟ್ ಮಾಡುವ ದಿನ ಕೊನೆಯ ನಿಲ್ದಾಣ ಯಾವುದೆಂದು ನೋಡಿಕೊಳ್ಳಿ. ಥಾಣೆಯಲ್ಲಿ ಇಳಿದರೆ ಆರು ಬ್ಯಾಗು, ಎರಡು ಮಕ್ಕಳೊಂದಿಗೆ ಲೋಕಲ್ ಹತ್ತುವ ಪರಿಸ್ಥಿತಿ ಬರುತ್ತದೆ.

ವಿಮಾನದಲ್ಲಿ ಹೋಗುವವರಿಗೆ ಈಗ ಒಂದು ಅನುಕೂಲ ಆಗಿದೆ. ಮೆಟ್ರೋ 3ನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿ ತೆರೆದ ಮೇಲೆ ವಿಮಾನ ನಿಲ್ದಾಣದ ಟರ್ಮಿನಲ್ 2ರಿಂದ ಸಿಎಸ್‌ಎಂಟಿಗೆ ರಸ್ತೆಗೇ ಇಳಿಯದೆ ಬರಬಹುದು. ಲಗೇಜು ಹೆಚ್ಚಿದ್ದರೆ ಕ್ಯಾಬೇ ಸರಿ. ಟಿಕೆಟ್‌ನಲ್ಲಿ ವಿಮಾನ ಇಳಿಯುವುದು ನವಿ ಮುಂಬೈಯಲ್ಲೋ ಹಳೆಯ ನಿಲ್ದಾಣದಲ್ಲೋ ಎಂದು ಎರಡು ಸಲ ಓದಿ. ಹೆಸರು ಎರಡರಲ್ಲೂ ಮುಂಬೈ ಎಂದೇ ಇರುತ್ತದೆ.

ಕರಾವಳಿಯವರಿಗೆ ಮುಂಬೈಯಲ್ಲಿ ನೆಂಟರು ಇಲ್ಲದಿರುವುದು ಅಪರೂಪ. ಹೋಟೆಲ್ ಖರ್ಚು ಉಳಿಯಿತು ಎಂದು ಖುಷಿಪಡುವ ಮೊದಲು ನಕ್ಷೆ ನೋಡಿ. ಡೊಂಬಿವಿಲಿಯೋ ಮೀರಾ ರೋಡೋ ಆದರೆ ಅಲ್ಲಿಂದ ಬಂದರಿಗೆ ಬರುವುದೇ ಅರ್ಧ ದಿನದ ಕೆಲಸ. ಭಾನುವಾರ ಹಡಗು ಹತ್ತುವುದಾದರೆ ಲೋಕಲ್ ರೈಲಿನ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು, ಇದ್ದೇ ಇರುತ್ತದೆ ಎಂದುಕೊಂಡೇ ಹೊರಡಿ. ನೆಂಟರ ಮನೆಗೆ ಹಿಂದಿರುಗುವಾಗ ಹೋಗಿ. ಹತ್ತುವ ಹಿಂದಿನ ರಾತ್ರಿ ಫೋರ್ಟ್ ಅಥವಾ ಸಿಎಸ್‌ಎಂಟಿ ಸುತ್ತಮುತ್ತ ಉಳಿಯುವುದು ಒಳಿತು. ಆ ಭಾಗದಲ್ಲಿ ಶೆಟ್ಟರ ಹೋಟೆಲುಗಳಿಗೆ ಕೊರತೆಯಿಲ್ಲ, ಮಕ್ಕಳಿಗೆ ಇಡ್ಲಿ, ಮೊಸರನ್ನ ಸಿಗುತ್ತದೆ. ಅಜ್ಜ ಅಜ್ಜಿಗೆ ಬಾಳೆಲೆ ಊಟವೇ ಆಗಬೇಕಾದರೆ ಮಾಟುಂಗಾದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲೇ.

ಗೋವಾ

ನಕ್ಷೆಯಲ್ಲಿ ಇದು ಅತ್ಯಂತ ಹತ್ತಿರ. ಮಂಗಳೂರು ಮಡಗಾಂವ್ ವಂದೇ ಭಾರತ್ 2023ರ ಡಿಸೆಂಬರ್ ಕೊನೆಯಲ್ಲಿ ಶುರುವಾದಾಗಿನಿಂದ ಪ್ರಯಾಣ ನಾಲ್ಕೂವರೆ ಗಂಟೆ ಚಿಲ್ಲರೆ. ಬೆಳಿಗ್ಗೆ ಎಂಟೂವರೆಗೆ ಮಂಗಳೂರು ಸೆಂಟ್ರಲ್ ಬಿಟ್ಟು, ಉಡುಪಿ, ಕಾರವಾರದಲ್ಲಿ ನಿಂತು, ಮಧ್ಯಾಹ್ನ ಒಂದೂಕಾಲಿಗೆ ಮಡಗಾಂವ್ ಮುಟ್ಟುವ ವೇಳೆಯಲ್ಲಿ ಓಡಿದೆ, ಗುರುವಾರ ಇಲ್ಲ. ಮಡಗಾಂವ್‌ನಿಂದ ಮುರಗಾಂವ್ ಬಂದರಿಗೆ ರಸ್ತೆಯಲ್ಲಿ ಒಂದು ಗಂಟೆ. ಹಡಗಿನ ಗೇಟು ಮೂರು ಗಂಟೆಗೆ ಮುಚ್ಚುವುದಾದರೆ ರೈಲು ಅರ್ಧ ಗಂಟೆ ತಡವಾದರೂ ಜೀವ ಬಾಯಿಗೆ ಬರುತ್ತದೆ. ಗೇಟು ಸಂಜೆವರೆಗೆ ತೆರೆದಿದ್ದರೆ ಮಾತ್ರ ಅದೇ ದಿನ ಹೊರಡಿ, ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿ ಬಂದರಿನ ಪಕ್ಕದ ವಾಸ್ಕೋದಲ್ಲಿ ಉಳಿಯಿರಿ. ಓಲಾ, ಊಬರ್ ಗೋವಾದಲ್ಲಿ ಸಿಗುವುದಿಲ್ಲ. ಗೋವಾಮೈಲ್ಸ್ ಆ್ಯಪ್ ಅಥವಾ ನಿಲ್ದಾಣದ ಪ್ರೀಪೇಯ್ಡ್ ಟ್ಯಾಕ್ಸಿ ಎರಡೇ ದಾರಿ. ಕಾರ್ ಸೀಟ್ ಬೇಕಾದ ಕೂಸು ಇದ್ದರೆ ಹೋಟೆಲಿನವರಿಗೇ ಹೇಳಿ ಮೊದಲೇ ವಾಹನ ಗೊತ್ತು ಮಾಡಿಕೊಳ್ಳಿ.

ವಿಮಾನದವರು ದಾಬೋಲಿಂ ನಿಲ್ದಾಣವನ್ನೇ ಆರಿಸಬೇಕು, ಅದು ಬಂದರಿನ ಮಗ್ಗುಲಲ್ಲೇ ಇದೆ. 2023ರಿಂದ ನಡೆಯುತ್ತಿರುವ ಮೋಪಾ ನಿಲ್ದಾಣ ಉತ್ತರದ ತುದಿಯಲ್ಲಿದೆ. ಅಲ್ಲಿ ಇಳಿದರೆ ಇಡೀ ಗೋವಾ ದಾಟಿ ಬರಬೇಕು.

ಮುರಗಾಂವ್ ಕಲ್ಲಿದ್ದಲು, ಅದಿರು ಸಾಗುವ ಬಂದರು. ಉಬ್ಬಸ ಇರುವ ಮಕ್ಕಳಿದ್ದರೆ ವಾಸ್ಕೋ ಪೇಟೆಯ ಬದಲು ಬೋಗ್ಮಾಲೊ ಕಡೆ ರೂಮು ಮಾಡಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಗೋವಾದ ರೂಮು ದರ ಗಗನಕ್ಕೇರುವುದು ಎಲ್ಲರಿಗೂ ಗೊತ್ತು. ಆ ವಾರ ಹತ್ತಿರದ ಬಂದರು ಎಂಬ ಉಳಿತಾಯವೆಲ್ಲ ಒಂದೇ ರಾತ್ರಿಯ ಹೋಟೆಲ್ ಬಿಲ್ಲಿಗೆ ಹೋಗುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಹೆಚ್ಚಿನ ಯಾನಗಳಲ್ಲಿ ಗೋವಾ ನಡುವಿನ ನಿಲುಗಡೆ ಮಾತ್ರ. ಗೋವಾದಿಂದ ಹತ್ತಿ ಗೋವಾದಲ್ಲೇ ಇಳಿಯುವ ಟಿಕೆಟ್ ಕಡಿಮೆ. ಸಿಗುವುದು ಹೆಚ್ಚಾಗಿ ಗೋವಾದಿಂದ ಮುಂಬೈಗೆ ಒಂದೇ ಕಡೆಯದು. ಬೆಂಗಳೂರಿನವರಿಗೆ ಇದು ಕಿರಿಕಿರಿ, ನಮಗೆ ಮಾತ್ರ ವರದಾನ. ಮಡಗಾಂವ್‌ವರೆಗೆ ರೈಲು, ಅಲ್ಲಿಂದ ಮುಂಬೈಗೆ ಹಡಗು, ಮುಂಬೈಯಿಂದ ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ಕುರ್ಲಾ ಬಿಡುವ ಮತ್ಸ್ಯಗಂಧದಲ್ಲಿ ಊರಿಗೆ. ಹಡಗು ಬೆಳಿಗ್ಗೆ ಮುಂಬೈ ಸೇರಿದರೆ ಇಳಿದು, ತಪಾಸಣೆ ಮುಗಿಸಿ, ಊಟ ಮಾಡಿ ರೈಲು ಹಿಡಿಯಲು ಸಮಯ ಸಿಗುತ್ತದೆ. ಒಂದು ಯಾನ, ಎರಡು ರೈಲು, ಹಿಂತಿರುಗಿ ಅದೇ ದಾರಿ ಸವೆಸುವ ಬೇಸರವಿಲ್ಲ. ಮುಂಬೈಯಿಂದ ಕೊಚ್ಚಿಗೆ ಹೋಗುವ ಒಂದೇ ಕಡೆಯ ಯಾನವೂ ಹೀಗೆಯೇ ನಮಗೆ ಹೇಳಿ ಮಾಡಿಸಿದಂತಿದೆ. ಎರಡೂ ಊರುಗಳ ನಡುವೆ ಇರುವುದು ನಾವೇ.

ಕೊಚ್ಚಿ

ಹಡಗು ಹತ್ತುವುದು ವಿಲ್ಲಿಂಗ್ಡನ್ ದ್ವೀಪದ ಬದಿಯ ಎರ್ನಾಕುಳಂ ವಾರ್ಫ್‌ನಲ್ಲಿ. ಅಲ್ಲಿನ ಸಾಗರಿಕ ಕ್ರೂಸ್ ಟರ್ಮಿನಲ್ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಎರ್ನಾಕುಳಂ ಜಂಕ್ಷನ್‌ನಿಂದ, ಅಂದರೆ ಜನ ಸೌತ್ ಎನ್ನುವ ನಿಲ್ದಾಣದಿಂದ, ಸೇತುವೆ ದಾಟಿದರೆ ಆರೇಳು ಕಿಲೋಮೀಟರ್. ಇಷ್ಟು ಚಿಕ್ಕ ಅಂತರ, ದೊಡ್ಡ ಗೊಂದಲವಿಲ್ಲದ ರಸ್ತೆ ಮುಂಬೈಯಲ್ಲಿ ಕನಸು.

ಮಂಗಳೂರಿನಿಂದ ಸುಮಾರು 420 ಕಿಲೋಮೀಟರ್. ರೈಲುಗಳು ಬೇಕಾದಷ್ಟಿವೆ, ಆದರೆ ಯಾವುದನ್ನು ಹಿಡಿಯಬೇಕು ಎಂಬುದರಲ್ಲಿ ಜಾಣತನ ಬೇಕು. ಸಂಜೆ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳನ್ನು ನೋಡಿ ರಾತ್ರಿ ರೈಲು ಎಂದು ಮೋಸ ಹೋಗಬೇಡಿ. ಅವು ಕೊಚ್ಚಿ ಮುಟ್ಟುವುದು ನಡುರಾತ್ರಿ ಕಳೆದು, ಬೆಳಗಾಗುವ ಎಷ್ಟೋ ಮೊದಲು. ಮಲಗಿದ ಮಕ್ಕಳನ್ನು ಆ ಹೊತ್ತಿನಲ್ಲಿ ಎಬ್ಬಿಸಿ ಇಳಿಸುವುದಕ್ಕಿಂತ ಕಷ್ಟ ಬೇರೆ ಇಲ್ಲ. ಬೆಳಿಗ್ಗೆ ಹೊರಡುವ ತಿರುವನಂತಪುರ ವಂದೇ ಭಾರತ್ ಅಥವಾ ಏರನಾಡ್ ಎಕ್ಸ್‌ಪ್ರೆಸ್ ಹಿಡಿಯಿರಿ. ವಂದೇ ಭಾರತ್ ಮಧ್ಯಾಹ್ನದ ಹೊತ್ತಿಗೆ ಜಂಕ್ಷನ್ ನಿಲ್ದಾಣಕ್ಕೆ ಬರುತ್ತದೆ, ಬುಧವಾರ ಓಡುವುದಿಲ್ಲ. ಬೆಳಗಿನ ಪರಶುರಾಮ್ ಎಕ್ಸ್‌ಪ್ರೆಸ್ ನಿಲ್ಲುವುದು ಎರ್ನಾಕುಳಂ ಟೌನ್‌ನಲ್ಲಿ, ಅಂದರೆ ನಾರ್ತ್‌ನಲ್ಲಿ. ಕ್ಯಾಬ್ ಬುಕ್ ಮಾಡುವಾಗ ಎರಡನ್ನೂ ಕಲಸಿಕೊಂಡರೆ ಚಾಲಕ ಒಂದು ಕಡೆ, ನೀವು ಇನ್ನೊಂದು ಕಡೆ. ಉಡುಪಿಯವರು ಹಿಂದಿನ ಸಂಜೆಯೇ ಮಂಗಳೂರಿಗೆ ಬಂದು ಉಳಿದರೆ ಬೆಳಗಿನ ರೈಲು ತಪ್ಪುವ ಭಯವಿಲ್ಲ. ಕಾರಿನಲ್ಲಿ ಹೋಗುವ ಆಸೆ ಬೇಡ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಕೇರಳದ ಕೆಲವು ಭಾಗ ದಾಟುವುದಕ್ಕೇ ದಿನ ಹೋಗುತ್ತದೆ, ಮೇಲಾಗಿ ಹಡಗಿನಲ್ಲಿರುವಷ್ಟು ದಿನ ಕಾರು ಎಲ್ಲಿ ಬಿಡುವುದು ಎಂಬ ಚಿಂತೆ.

ಹಿಂದಿನ ದಿನ ಮಧ್ಯಾಹ್ನ ಮುಟ್ಟಿದರೆ ಸಂಜೆ ಮಕ್ಕಳಿಗೆ ಮಾಡಲು ಕೆಲಸವಿದೆ. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋದಲ್ಲಿ ಹೋಗಿ ಚೀನೀ ಬಲೆ ನೋಡಿ ಬನ್ನಿ. ಎಸಿ ದೋಣಿ, ಅಲುಗಾಟ ಕಡಿಮೆ. ನೀರಿನ ಮೇಲೆ ಮಗುವಿಗೆ ಹೊಟ್ಟೆ ತೊಳಸುತ್ತದೆಯೇ ಎಂದು ತಿಳಿಯಲೂ ಇದೊಂದು ಸಣ್ಣ ಪರೀಕ್ಷೆ. ಕೊಂಕಣಿ ಮಾತಾಡುವ ಮನೆಯವರಾದರೆ ಮಟ್ಟಾಂಚೇರಿಯ ಚೆರಳಾಯಿಯಲ್ಲಿರುವ ತಿರುಮಲ ದೇವಸ್ವಂ ದೇವಸ್ಥಾನಕ್ಕೆ ಹೋಗದೆ ಬರುವುದು ಹೇಗೆ? ಗೋವಾದಿಂದ ಬಂದು ನೆಲೆಸಿದ ಗೌಡ ಸಾರಸ್ವತರ ಆ ಕೇರಿಯಲ್ಲಿ ಮಾತು, ಅಡಿಗೆ ಎರಡೂ ಮಂಗಳೂರಿನ ರಥಬೀದಿಯನ್ನೇ ನೆನಪಿಸುತ್ತವೆ. ಬ್ಯಾರಿ, ಮಲಯಾಳ ಅರ್ಥವಾಗುವವರಿಗೆ ಟ್ಯಾಕ್ಸಿ, ಔಷಧದಂಗಡಿ, ಆಸ್ಪತ್ರೆ ಎಲ್ಲೂ ಭಾಷೆಯ ತಡೆ ಇಲ್ಲ. ಹಿರಿಯರಿಗೆ ಇದು ಕೊಡುವ ಧೈರ್ಯ ಸಣ್ಣದಲ್ಲ.

ಕೊಚ್ಚಿಯ ಕೊರತೆ ಎರಡು. ಇಲ್ಲಿಂದ ಶುರುವಾಗುವ ಯಾನಗಳು ಮುಂಬೈಯಷ್ಟಿಲ್ಲ, ಹಾಗಾಗಿ ಶಾಲೆಯ ರಜೆಗೆ ತಾರೀಕು ಹೊಂದಿಸುವುದು ಕಷ್ಟ. ಇನ್ನೊಂದು, ಸಿಗುವ ಯಾನಗಳಲ್ಲಿ ಲಕ್ಷದ್ವೀಪದ್ದು ಹೆಚ್ಚು. ಅದಕ್ಕೆ ಒಂದು ಎಚ್ಚರಿಕೆ ಬೇಕು. ಅಲ್ಲಿ ದೊಡ್ಡ ಹಡಗು ಕಟ್ಟೆಗೆ ತಾಗುವುದಿಲ್ಲ, ಲಗೂನಿನ, ಅಂದರೆ ಹವಳದ ದಿಬ್ಬ ಸುತ್ತುವರಿದ ಆಳವಿಲ್ಲದ ನೀರಿನ, ಹೊರಗೆ ಲಂಗರು ಹಾಕುತ್ತದೆ. ಹಡಗಿನ ಬದಿಯ ಬಾಗಿಲಿನಿಂದ ಮೇಲೆ ಕೆಳಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕು. ದೋಣಿ ಅಲೆಯ ಮೇಲೆ ಏರಿ ಹಡಗಿನ ಮಟ್ಟಕ್ಕೆ ಬಂದ ಆ ಕ್ಷಣದಲ್ಲಿ ಇಬ್ಬರು ಸಿಬ್ಬಂದಿ ಮುಂಗೈ ಹಿಡಿದು ದಾಟಿಸುತ್ತಾರೆ. ಕೈಯಲ್ಲಿ ಚೀಲ ಇರಬಾರದು, ಮಗುವನ್ನು ಸಿಬ್ಬಂದಿಯ ಕೈಗೇ ಕೊಡಬೇಕು. ಮಂಡಿ ಬಗ್ಗದ ಅಜ್ಜಿ ಇದನ್ನು ಮಾಡಲಾರರು. ಸಮುದ್ರ ಗಡಸಾಗಿದ್ದರೆ ಕ್ಯಾಪ್ಟನ್ ಇಳಿಸುವುದನ್ನೇ ರದ್ದು ಮಾಡುವುದೂ ಉಂಟು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿಯೂ ಬೇಕು. ಪ್ಯಾಕೇಜಿನಲ್ಲಿ ಕಂಪನಿಯೇ ಮಾಡಿಸುತ್ತದೆ, ಆದರೆ ಗುರುತಿನ ಚೀಟಿಯ ಪ್ರತಿ, ಫೋಟೊಗಳನ್ನು ಅವರು ಹೇಳಿದ ಗಡುವಿನೊಳಗೆ ಕಳಿಸದಿದ್ದರೆ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಹಿರಿಯರಿದ್ದರೆ ಕಟ್ಟೆಗೆ ತಾಗುವ ನಿಲುಗಡೆಗಳ ಯಾನವನ್ನೇ ಆರಿಸಿ.

ಚೆನ್ನೈ

ಮಂಗಳೂರು ಮೇಲ್, ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಇವೆ, ಸೆಂಟ್ರಲ್ ನಿಲ್ದಾಣದಿಂದ ಬಂದರು ಮೂರ್ನಾಲ್ಕು ಕಿಲೋಮೀಟರ್. ಅಷ್ಟರ ಮಟ್ಟಿಗೆ ಅನುಕೂಲವೇ. ಆದರೆ ಒಂದು ಪೂರ್ತಿ ರಾತ್ರಿ ಮತ್ತು ಒಂದಿಷ್ಟು ಹಗಲು ರೈಲಿನಲ್ಲೇ ಕಳೆಯಬೇಕು. ಅದಕ್ಕಿಂತ ದೊಡ್ಡ ಕಾರಣ ಹವಾಮಾನ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಈಶಾನ್ಯ ಮಾರುತದ ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. ದಸರಾ, ಕ್ರಿಸ್ಮಸ್ ರಜೆ ಎರಡೂ ಅದರೊಳಗೇ ಬೀಳುತ್ತವೆ. ಚೆನ್ನೈಯಿಂದ ಶ್ರೀಲಂಕಾಕ್ಕೆ ಹೋಗುವ ಯಾನವೇ ಬೇಕು ಎನ್ನುವವರು ಫೆಬ್ರವರಿ, ಮಾರ್ಚ್ ನೋಡಲಿ.

ದುಬೈ, ಸಿಂಗಪುರ

ಕರಾವಳಿಯ ಎಷ್ಟೋ ಮನೆಗಳಿಗೆ ಚೆನ್ನೈಗಿಂತ ದುಬೈಯೇ ಹತ್ತಿರ: ಅಲ್ಲಿ ತಮ್ಮನೋ ಮಗಳೋ ಇರುತ್ತಾರೆ. ಅಲ್ಲಿಂದ ಹೊರಡುವ ಹಡಗುಗಳು ದೊಡ್ಡವು, ಮಕ್ಕಳ ಆಟಕ್ಕೆ ಜಾಗ ಹೆಚ್ಚು. ಕಾಲ ನವೆಂಬರ್‌ನಿಂದ ಮಾರ್ಚ್, ಏಪ್ರಿಲ್. ಮಿನಾ ರಾಶಿದ್ ಮತ್ತು ದುಬೈ ಹಾರ್ಬರ್ ಎಂದು ಎರಡು ಬೇರೆ ಬೇರೆ ಟರ್ಮಿನಲ್‌ಗಳಿವೆ, ಟಿಕೆಟ್‌ನಲ್ಲಿ ಯಾವುದಿದೆ ಎಂದು ನೋಡಿ. ಎಡವುವುದು ವೀಸಾದಲ್ಲಿ. ಹಡಗು ಒಮಾನ್‌ಗೋ ಕತಾರ್‌ಗೋ ಹೋದರೆ ನೀವು ದೇಶ ಬಿಟ್ಟು ಮತ್ತೆ ಒಳಬಂದಂತೆ ಲೆಕ್ಕ, ಆದ್ದರಿಂದ ಒಂದೇ ಪ್ರವೇಶದ ವೀಸಾ ಸಾಲದು. ಸಿಂಗಪುರಕ್ಕೂ ಇದೇ ನಿಯಮ, ಮಗುವಿಗೂ ಪ್ರತ್ಯೇಕವಾಗಿ. ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಮೆಟ್ರೋ ಹತ್ತಿರದವರೆಗೆ ಹೋಗುತ್ತದೆ, ವ್ಯವಸ್ಥೆಯಲ್ಲಿ ನಮ್ಮ ಯಾವ ಬಂದರೂ ಅದಕ್ಕೆ ಸಮವಲ್ಲ. ಖರ್ಚಿನ ಹೋಲಿಕೆಯೇ ಬೇರೆಯಾದ್ದರಿಂದ ಇಲ್ಲಿಗೆ ಬಿಡುತ್ತೇವೆ.

ಕಾಲ, ಟಿಕೆಟ್, ಗಂಟುಮೂಟೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಮಲ್ಪೆಯ ಮೀನುಗಾರರನ್ನು ಕೇಳಿದರೆ ಸೆಪ್ಟೆಂಬರ್‌ನಲ್ಲೂ ಅಲೆಯ ಅಬ್ಬರ ಇರುತ್ತದೆ ಎನ್ನುತ್ತಾರೆ. ಅರಬ್ಬಿ ಸಮುದ್ರ ತಿಳಿಯಾಗಿರುವುದು ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ. ಏಪ್ರಿಲ್ ನಡುವಿನ ಬೇಸಿಗೆ ರಜೆಯ ಮೊದಲ ವಾರಗಳೂ ಪರವಾಗಿಲ್ಲ, ಸೆಕೆ ಮಾತ್ರ ಹೆಚ್ಚು. ಮೇ ಕೊನೆಗೆ ಹೋಗಬೇಡಿ; 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಏನು ಮಾಡಿತೆಂದು ನೆನಪಿದೆಯಲ್ಲ. ದಸರಾ ರಜೆಯಲ್ಲಿ ಹೋಗುವವರು ಇನ್ನೊಂದು ಗಮನಿಸಬೇಕು: ಆಗಲೂ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯೇ ನಡೆಯುತ್ತಿರಬಹುದು, ರೈಲುಗಳ ವೇಗ ಕಡಿಮೆ, ಹೊರಡುವ ಮುಟ್ಟುವ ಹೊತ್ತು ಬೇರೆ.

ರೈಲು ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಕ್ರೂಸ್ ಟಿಕೆಟ್ ಅದಕ್ಕೂ ತಿಂಗಳುಗಳ ಮೊದಲೇ ಆಗಿರುತ್ತದೆ. ಅರುವತ್ತನೇ ದಿನ ಬೆಳಿಗ್ಗೆ ಎಂಟಕ್ಕೆ ಕುಳಿತು ರೈಲು ಟಿಕೆಟ್ ಮಾಡಿ. ತತ್ಕಾಲ್ ನಂಬಿಕೊಂಡು ಆರು ಜನರ ಕುಟುಂಬ ಹೊರಡಬಾರದು. ಹೋಗುವಾಗ ಹಿಂದಿನ ದಿನ ಮುಟ್ಟುವ ರೈಲು, ಬರುವಾಗ ಹಡಗು ಸೇರುವ ಹೊತ್ತಿನಿಂದ ಕನಿಷ್ಠ ಐದು ಗಂಟೆ ಬಿಟ್ಟು ಹೊರಡುವ ರೈಲು. ಇಳಿಸುವುದು ಡೆಕ್ (ಹಡಗಿನ ಮಹಡಿ) ಪ್ರಕಾರ ಸರದಿಯಲ್ಲಿ, ನಿಮ್ಮ ಸರದಿ ಕೊನೆಯದೂ ಆಗಬಹುದು. ದರ ಹೋಲಿಸುವಾಗ ಕ್ಯಾಬಿನ್ ದರಕ್ಕೆ ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಶುಲ್ಕ, ರೈಲು, ಕ್ಯಾಬ್, ಒಂದು ರಾತ್ರಿಯ ಹೋಟೆಲ್ ಸೇರಿಸಿ ಕೂಡಿ. ಹಾಗೆ ಕೂಡಿದಾಗ ಮುಂಬೈಯ ಅಗ್ಗದ ಟಿಕೆಟ್ ಹಲವು ಸಲ ಕೊಚ್ಚಿಯ ದುಬಾರಿ ಟಿಕೆಟನ್ನು ಮೀರುತ್ತದೆ.

ಗೇಟಿನಲ್ಲಿ ಕುಟುಂಬಗಳು ಸಿಕ್ಕಿಬೀಳುವುದು ಹೆಸರಿನ ವ್ಯತ್ಯಾಸಕ್ಕೆ. ಟಿಕೆಟ್‌ನಲ್ಲಿ ಮನೆತನದ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್ ಎಂದಾದರೆ ಎಲ್ಲರೂ ಒಂದು ಬದಿಗೆ ನಿಲ್ಲಬೇಕಾಗುತ್ತದೆ. ಬುಕ್ ಮಾಡುವಾಗಲೇ ಆಧಾರ್ ನೋಡಿ ಅಕ್ಷರಕ್ಕಕ್ಷರ ಬರೆಯಿರಿ, ಮಗುವಿನ ಜನನ ಪ್ರಮಾಣಪತ್ರದ ಮೂಲಪ್ರತಿ ಕೈಯಲ್ಲಿರಲಿ. ಆರು ತಿಂಗಳೊಳಗಿನ ಕೂಸು, 24 ವಾರ ಮುಟ್ಟಿದ ಗರ್ಭಿಣಿಯನ್ನು ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ.

ದೊಡ್ಡ ಬ್ಯಾಗು ಗೇಟಿನಲ್ಲೇ ಕೊಟ್ಟರೆ ಕ್ಯಾಬಿನ್‌ಗೆ ಬರಲು ಕೆಲವು ಗಂಟೆ ಬೇಕು. ಮಾತ್ರೆಗಳು, ಹಾಲಿನ ಪುಡಿ, ಡೈಪರ್, ಮಕ್ಕಳ ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯ ಚಕ್ಕುಲಿ, ಪುಳಿಯೋಗರೆಯನ್ನೂ ಬಿಡದಿರಬಹುದು, ಮೊಹರು ಒಡೆಯದ ಶಿಶು ಆಹಾರಕ್ಕೆ ತಡೆಯಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಾದವರು ಬುಕಿಂಗ್‌ನಲ್ಲೇ ಜೈನ ಊಟ ಎಂದು ಬರೆಸಬೇಕು. ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗುವುದೇ ಇಲ್ಲ ಎನ್ನುವ ಹಿರಿಯರಿಗೆ ಮೊದಲ ದಿನವೇ ಅಡಿಗೆಮನೆಯ ಮೇಲ್ವಿಚಾರಕರಿಗೆ ಹೇಳಿ ಮೆತ್ತಗಿನ ಅನ್ನ, ಮೊಸರು ಗೊತ್ತು ಮಾಡಿಸಬಹುದು.

ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತೆಗೆದುಕೊಳ್ಳಿ, ಅಲ್ಲಿ ಓಲಾಟ ಕಡಿಮೆ. ಕಾರ್ಡೇಲಿಯಾದ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು, ಕ್ಯಾಬಿನ್‌ಗಳು ಇಕ್ಕಟ್ಟು. ನಾಲ್ವರು ಒಂದೇ ಕಡೆ ಎಂದರೆ ಇಬ್ಬರು ಗೋಡೆಯಿಂದ ಇಳಿಸುವ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು. ಸಣ್ಣ ಮಕ್ಕಳೂ ಹಿರಿಯರೂ ಇದ್ದರೆ ಎದುರುಬದುರು ಎರಡು ಕ್ಯಾಬಿನ್ ಮಾಡಿ. ವಾಕರಿಕೆಯ ಮಾತ್ರೆ ವಾಕರಿಕೆ ಬಂದ ಮೇಲೆ ನುಂಗಿ ಪ್ರಯೋಜನವಿಲ್ಲ, ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಅವೊಮಿನ್ ಎಂಬ ವಾಕರಿಕೆಯ ಮಾತ್ರೆಯಲ್ಲಿರುವ ಪ್ರೊಮೆಥಜಿನ್ ಔಷಧವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಿ. ಹಡಗು ಬಂದರು ಬಿಟ್ಟ ಕೂಡಲೇ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹೋಗಲಿ. ಹಡಗಿನ ಉಪಗ್ರಹ ಜಾಲಕ್ಕೆ ಫೋನು ತಾನಾಗಿಯೇ ಸೇರಿಕೊಂಡರೆ ಬರುವ ರೋಮಿಂಗ್ ಬಿಲ್ಲು ಭಾರೀ.